ಹೆಡ್‌ಫೋನ್ ಮತ್ತು ಕಿವುಡು: ತಡವಾಗಿ ಬಂದ ಎಚ್ಚರ

ಸದ್ದು ಕಿವಿಯನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ಹೆಡ್‌ಫೋನಿಗಿಂತ ಬಹಳ ಹಳೆಯದು. ದಿನವಿಡೀ ತಾಮ್ರ ಬಡಿಯುವ ವೆನಿಸ್‌ನ ಕೆಲಸಗಾರರು ವಯಸ್ಸಾಗುವಷ್ಟರಲ್ಲಿ ಕಿವುಡರಾಗುವುದನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ 1713ರಲ್ಲೇ ಬರೆದಿದ್ದ. ಗ್ಲಾಸ್ಗೋದ ಥಾಮಸ್ ಬಾರ್ 1886ರಲ್ಲಿ ನೂರು ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದ. ಅವನ ಉಪಕರಣ ಒಂದು ಜೇಬುಗಡಿಯಾರ. ಅದರ ಟಿಕ್‌ಟಿಕ್ ಎಷ್ಟು ದೂರದಿಂದ ಕೇಳಿಸುತ್ತದೆ ಎಂಬುದೇ ಅಳತೆ. ನೂರರಲ್ಲಿ ಒಬ್ಬನ ಕಿವಿಯೂ ಸರಿಯಾಗಿರಲಿಲ್ಲ. ಅವೆಲ್ಲ ಹೊಟ್ಟೆಪಾಡಿಗೆ ತೆತ್ತ ಬೆಲೆ.

ಹೆಡ್‌ಫೋನ್ ಕೂಡ ಮೊದಲು ದುಡಿಮೆಯ ಸಾಧನವೇ. 1880ರ ದಶಕದಲ್ಲಿ ಅದು ಟೆಲಿಫೋನ್ ಎಕ್ಸ್‌ಚೇಂಜ್‌ನ ಆಪರೇಟರುಗಳು ಹೆಗಲ ಮೇಲೆ ಹೊರುತ್ತಿದ್ದ ಭಾರ. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಅಡುಗೆಮನೆಯಲ್ಲಿ ಕೂತು ತಯಾರಿಸಿದ ಹೆಡ್‌ಫೋನ್‌ಗಳನ್ನು ನೌಕಾಪಡೆ ಕೊಂಡಿತು. ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ತಂದವನು ಮಿಲ್ವಾಕಿಯ ಜಾನ್ ಕಾಸ್, 1958ರಲ್ಲಿ. ಅದೂ ಮನೆಯ ರೆಕಾರ್ಡ್ ಪ್ಲೇಯರಿಗೆ ವೈರಿನಿಂದ ಕಟ್ಟಿಹಾಕಿದ್ದು.

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂದಾಗ ಕಟ್ಟು ಬಿಚ್ಚಿತು. ಮೊದಲ ಮಾದರಿಯಲ್ಲಿ ಇಬ್ಬರು ಕೇಳಲು ಎರಡು ಜಾಕ್, ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ; ಒತ್ತಿದರೆ ಹಾಡು ತಗ್ಗಿ, ಎದುರಿಗಿದ್ದವರ ಮಾತು ಮೈಕಿನ ಮೂಲಕ ಕೇಳುತ್ತಿತ್ತು. ಒಬ್ಬನೇ ಹಾಡು ಕೇಳುತ್ತ ಕೂರುವುದು ಒರಟುತನವೆನಿಸೀತು ಎಂಬ ಅಳುಕು ಕಂಪನಿಯ ಅಕಿಯೊ ಮೊರಿಟಾ ಅವರಿಗಿತ್ತು. 1982ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್ ಪಟ್ಟಣ ಹೆಡ್‌ಫೋನ್ ಹಾಕಿಕೊಂಡು ರಸ್ತೆ ದಾಟುವುದನ್ನು ನಿಷೇಧಿಸಿದ್ದೂ ಅಪಘಾತದ ಭಯದಿಂದ. ಶಿಷ್ಟಾಚಾರದ ಚಿಂತೆಯಾಯಿತು, ಸಂಚಾರದ ಚಿಂತೆಯಾಯಿತು. ಕಿವಿಯ ಚಿಂತೆಗೆ ಕಾನೂನಿನಲ್ಲಿ ಜಾಗ ಸಿಗುವುದು ತಡವಾಯಿತು.

ಹಾನಿ ಸದ್ದಿಲ್ಲದೆ ಆಗುವುದೂ ಇದಕ್ಕೆ ಕಾರಣ. ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ರೋಮಕೋಶಗಳಿವೆ; ಸತ್ತವು ಮತ್ತೆ ಹುಟ್ಟವು. ಮೊದಲು ಕುಂದುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರಗಳ ಗ್ರಹಿಕೆ. ಆದ್ದರಿಂದ ಕೇಳುಗನಿಗೆ ಮಾತು ಕೇಳುತ್ತಲೇ ಇರುತ್ತದೆ. ಗದ್ದಲದಲ್ಲಿ ಮಾತ್ರ ‘ಸ’, ‘ತ’ಗಳು ಕಲಸಿಹೋಗುತ್ತವೆ, ರಾತ್ರಿ ಕಿವಿ ಗುಂಯ್‌ಗುಡುತ್ತದೆ. ಬಸ್ಸಿನ ಸದ್ದನ್ನು ತಡೆಯದ ಸಣ್ಣ ಇಯರ್‌ಫೋನ್ ಹಾಕಿಕೊಂಡವರು ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾರೆ. ಕ್ಯಾಸೆಟ್ಟಾದರೆ ಮುಗಿಯುತ್ತಿತ್ತು, 2001ರಲ್ಲಿ ಐಪಾಡ್, ಬಳಿಕ ಮೊಬೈಲ್ ಬಂದ ಮೇಲೆ ಹಾಡು ಮುಗಿಯುವ ಮಾತೇ ಇಲ್ಲ.

ಕಾರ್ಖಾನೆಯಾದರೆ ಮಾಲೀಕನನ್ನು ಹೊಣೆ ಮಾಡಬಹುದು. ಇಲ್ಲಿ ವಾಲ್ಯೂಮ್ ಕೇಳುಗನ ಕೈಯಲ್ಲೇ ಇರುವುದರಿಂದ ಸರ್ಕಾರಗಳು ಉಪಕರಣದತ್ತ ತಿರುಗಿದವು. ಫ್ರಾನ್ಸ್ 1996ರ ಕಾನೂನಿನಲ್ಲಿ ಜೇಬಿನ ಪ್ಲೇಯರುಗಳಿಗೆ 100 ಡೆಸಿಬೆಲ್ ಮಿತಿ ಹಾಕಿತು. ಅಸುರಕ್ಷಿತ ಆಲಿಕೆಯಿಂದ, ಗದ್ದಲದ ಮನರಂಜನಾ ತಾಣಗಳಿಂದ 110 ಕೋಟಿ ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ಅದು ರೂಪಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ಅಷ್ಟೇ ಹೊತ್ತು. 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ಫ್ರಾನ್ಸ್ ಅಂದು ಒಪ್ಪಿದ್ದ 100 ಡೆಸಿಬೆಲ್‌ನಲ್ಲಿ ಕೇಳಿದರೆ, ವಯಸ್ಕರ ಇಡೀ ವಾರದ ಪಾಲು ಅರ್ಧ ಗಂಟೆಯೊಳಗೇ ಮುಗಿಯುತ್ತದೆ.