ಹಾರ್ಟಿಗೆ ಒಳ್ಳೇದಂತೆ!

ಕಳೆದ ಸಲ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ರಾತ್ರಿ ಊಟಕ್ಕೆ ಮುಂಚೆ ಬೀರುವಿನಿಂದ ಒಂದು ಬಾಟ್ಲಿ ತೆಗೆದರು. ನೋಡಿದ್ರೆ ರೆಡ್ ವೈನ್! ಅರವತ್ತು ದಾಟೋವರೆಗೂ ಒಂದು ಹನಿ ಮುಟ್ಟಿದವರಲ್ಲ. ಸ್ಟೆಂಟ್ ಹಾಕಿಸಿಕೊಂಡು ಆಗ ಆರು ತಿಂಗಳಾಗಿತ್ತು ಅಷ್ಟೆ. "ಏನ್ ಚಿಕ್ಕಪ್ಪ ಇದು?" ಅಂದೆ. "ಹಾರ್ಟಿಗೆ ಒಳ್ಳೇದಂತೆ ಕಣೋ. ಟಿವಿಲೇ ಹೇಳಿದ್ರಲ್ಲ!" ಅಂದರು.

ನನ್ನ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ಈ 'ಅಂತೆ'ಯನ್ನ ಲೋಕಕ್ಕೆಲ್ಲ ಹಂಚಿದ್ದು ನಿಜವಾಗ್ಲೂ ಟಿವಿಯೇ. ಅದಕ್ಕೆ ದಿನಾಂಕ ಕೂಡ ಇದೆ.

1991ರ ನವೆಂಬರ್ 17, ಭಾನುವಾರ. ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ '60 ಮಿನಿಟ್ಸ್' ಕಾರ್ಯಕ್ರಮ. ಪತ್ರಕರ್ತ ಮಾರ್ಲಿ ಸೇಫರ್ ಒಂದು ಪ್ರಶ್ನೆ ಎತ್ತಿದರು. ಫ್ರಾನ್ಸಿನ ಜನ ಬೆಣ್ಣೆ, ಚೀಸು, ಕೊಬ್ಬಿನ ಮಾಂಸ ಎಲ್ಲಾ ಚೆನ್ನಾಗಿ ತಿಂತಾರೆ. ಆದ್ರೂ ಹೃದಯಾಘಾತದಿಂದ ಸಾಯೋರು ಅಮೆರಿಕಕ್ಕಿಂತ ಎಷ್ಟೋ ಕಡಿಮೆ. ಏನಿದರ ಗುಟ್ಟು? ಇದಕ್ಕೇ 'ಫ್ರೆಂಚ್ ಪ್ಯಾರಡಾಕ್ಸ್' ಅನ್ನೋ ಹೆಸರು. ಫ್ರಾನ್ಸಿನ ವಿಜ್ಞಾನಿ ಸರ್ಜ್ ರೆನೋ ಉತ್ತರ ಕೊಟ್ಟರು: ವೈನ್ ಇರಬಹುದು. ಸೇಫರ್ ಕೆಂಪು ವೈನಿನ ಗ್ಲಾಸನ್ನ ಕ್ಯಾಮೆರಾ ಮುಂದೆ ಹಿಡಿದರು. ಮುಗೀತು! ಅಮೆರಿಕದಲ್ಲಿ ರೆಡ್ ವೈನ್ ವ್ಯಾಪಾರ ಜಿಗಿದುಬಿಡ್ತು.

ಮುಂದಿನ ವರ್ಷ, 1992ರಲ್ಲಿ, ರೆನೋ ಮತ್ತು ಮಿಶೆಲ್ ಡಿ ಲೋರ್ಜೆರಿಲ್ ಇದನ್ನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲೂ ಬರೆದರು. ದಿನಕ್ಕೆ 20ರಿಂದ 30 ಗ್ರಾಂ ಆಲ್ಕೋಹಾಲ್ ಹೃದ್ರೋಗದ ಅಪಾಯವನ್ನ ಕನಿಷ್ಠ ಶೇಕಡಾ 40ರಷ್ಟು ತಗ್ಗಿಸಬಹುದು ಅನ್ನೋದು ಅವರ ವಾದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಇನ್ನೇನು ಬೇಕು? ಆದರೆ ಹೇಳುವಾಗ ಇದ್ದ 'ಬಹುದು' ಕೇಳುವಾಗ ಬಿದ್ದುಹೋಯ್ತು.

ತಮಾಷೆ ನೋಡಿ. ಅದೇ 1991ರ ಜನವರಿಯಲ್ಲಿ ಫ್ರಾನ್ಸ್ 'ಎವಾಂ ಕಾನೂನು' ತಂದು, ಟಿವಿಯಲ್ಲಿ ಮದ್ಯದ ಜಾಹೀರಾತು ಬೇಡ ಅಂದಿತ್ತು. ಕುಡಿತದಿಂದ ಲಿವರ್ ಕಳೆದುಕೊಂಡವರ ಲೆಕ್ಕ ಆ ದೇಶಕ್ಕೆ ಚೆನ್ನಾಗಿ ಗೊತ್ತಿತ್ತು. ಫ್ರಾನ್ಸ್ ಬೇಡ ಅಂದ ಜಾಹೀರಾತನ್ನ ಅಮೆರಿಕದ ಸುದ್ದಿ ಕಾರ್ಯಕ್ರಮ ಪುಕ್ಕಟೆಯಾಗಿ ಕೊಟ್ಟಿತ್ತು.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿಸೋ ಪಾಠ ಒಂದಿದೆ: ಎರಡು ವಿಷಯ ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ. ಡೆನ್ಮಾರ್ಕಿನಲ್ಲಿ ಸಂಶೋಧಕರು ಸೂಪರ್ ಮಾರ್ಕೆಟ್ಟುಗಳ 35 ಲಕ್ಷ ಬಿಲ್ಲುಗಳನ್ನ ತೆಗೆದು ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತಾ? ವೈನ್ ಕೊಂಡವರ ಬುಟ್ಟಿಯಲ್ಲಿ ಹಣ್ಣು, ತರಕಾರಿ ಜಾಸ್ತಿ. ಬಿಯರ್ ಕೊಂಡವರ ಬುಟ್ಟಿಯಲ್ಲಿ ಸಾಸೇಜು, ಚಿಪ್ಸು. ಈಗ ಹೇಳಿ, ಹೃದಯ ಕಾಪಾಡಿದ್ದು ಬಾಟ್ಲಿಯೋ, ತರಕಾರಿಯೋ?

ಇನ್ನೊಂದು ಎಡವಟ್ಟನ್ನ ಬ್ರಿಟನ್ನಿನ ಜೆರಿ ಶೇಪರ್ ತಂಡ 1988ರಲ್ಲೇ ತೋರಿಸಿತ್ತು. 'ಕುಡಿಯದವರು' ಅಂತ ಲೆಕ್ಕ ಹಾಕಿದವರಲ್ಲಿ ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರೂ ಸೇರಿದ್ದರು. ಆಗಲೇ ರೋಗ ಇದ್ದವರ ಪಕ್ಕ ನಿಲ್ಲಿಸಿದ್ರೆ, ಹಿತಮಿತವಾಗಿ ಕುಡಿಯೋರು ಗಟ್ಟಿಮುಟ್ಟಾಗಿ ಕಾಣದೆ ಇರ್ತಾರಾ?

ಆಮೇಲೆ ಬಂತು ದ್ರಾಕ್ಷಿ ಸಿಪ್ಪೆಯ 'ರೆಸ್ವೆರಟ್ರಾಲ್' ಅನ್ನೋ ಅಂಶದ ಸರದಿ. ಅದೇ ಹೃದಯದ ಕಾವಲುಗಾರ ಅಂತ ಮಾತ್ರೆಗಳೂ ಮಾರುಕಟ್ಟೆಗೆ ಬಂದವು. ಇಟಲಿಯಲ್ಲಿ, ವೈನಿಗೇ ಹೆಸರಾದ ಕಿಯಾಂಟಿ ಸೀಮೆಯಲ್ಲಿ, 65 ದಾಟಿದ 783 ಜನರನ್ನ ಒಂಬತ್ತು ವರ್ಷ ಗಮನಿಸಿದರು. ಊಟದಿಂದ, ವೈನಿನಿಂದ ಆ ಅಂಶ ಮೈಗೆ ಹೆಚ್ಚು ಸೇರಿದವರಿಗೂ, ಕಡಿಮೆ ಸೇರಿದವರಿಗೂ ಹೃದ್ರೋಗದಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಈ ವರದಿ ಬಂದಿದ್ದು 2014ರಲ್ಲಿ.

ಹಾಗಾದ್ರೆ ನೇರವಾಗಿ ಪರೀಕ್ಷೆ ಮಾಡಿಬಿಡೋಣ ಅಂತ ಅಮೆರಿಕ ಹೊರಟಿತು. ಸುಮಾರು 10 ಕೋಟಿ ಡಾಲರ್ ಯೋಜನೆ. ಕೆಲವರು ದಿನಾ ಒಂದು ಡ್ರಿಂಕ್ ತಗೋಬೇಕು, ಉಳಿದವರು ಮುಟ್ಟಲೇಬಾರದು. ಆದರೆ 2018ರ ಜೂನಿನಲ್ಲಿ ಸರ್ಕಾರಿ ಆರೋಗ್ಯ ಸಂಸ್ಥೆ ಎನ್ಐಎಚ್ ಅದನ್ನ ನಿಲ್ಲಿಸಿತು. ಕಾರಣ? ಅಧಿಕಾರಿಗಳು ಮದ್ಯದ ಕಂಪನಿಗಳ ಹತ್ತಿರವೇ ಹೋಗಿ ದುಡ್ಡು ಕೇಳಿದ್ದರು! ಪರೀಕ್ಷೆ ಬರೆಯೋನೇ ಪ್ರಶ್ನೆಪತ್ರಿಕೆ ಪ್ರಿಂಟಿಗೂ ದುಡ್ಡು ಕೊಟ್ಟ ಹಾಗೆ.

ಸ್ವಲ್ಪ ಕುಡಿಯೋರಿಗೆ ಹೃದ್ರೋಗ ಕಡಿಮೆ ಅನ್ನೋ ಅಧ್ಯಯನಗಳು ಈಗಲೂ ಬರ್ತಾವೆ, ಇಲ್ಲ ಅನ್ನೋಕಾಗಲ್ಲ. ವಾದ ಪೂರ್ತಿ ಮುಗಿದಿಲ್ಲ. ಆದರೆ ಹೃದಯಕ್ಕೆ ಒಳ್ಳೇದು ಅಂತ ಹೊಸದಾಗಿ ಕುಡಿಯೋಕೆ ಶುರು ಮಾಡಬೇಡಿ ಅನ್ನುತ್ತೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಮದ್ಯ ಕ್ಯಾನ್ಸರ್ ತರುವ ವಸ್ತು, ಇಷ್ಟು ಕುಡಿದ್ರೆ ಅಪಾಯ ಇಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳೋಕೆ ನನಗೆ ಅರ್ಧ ಗಂಟೆ ಹಿಡೀತು. "ಮತ್ತೆ ಇದನ್ನ ಟಿವಿಲಿ ಯಾಕಪ್ಪ ಹೇಳಲ್ಲ?" ಅಂದರು.

ನ್ಯಾಯವಾದ ಪ್ರಶ್ನೆ. 'ರೆಡ್ ವೈನ್ ಹೃದಯಕ್ಕೆ ಒಳ್ಳೇದು' ಅನ್ನೋದು ಒಂದು ಸಾಲಿನ ಬ್ರೇಕಿಂಗ್ ನ್ಯೂಸ್. 'ಕಾರಣ ಅದಲ್ಲದೆಯೂ ಇರಬಹುದು' ಅನ್ನೋದು ಯಾವ ಸ್ಕ್ರೋಲಿನಲ್ಲೂ ಹಿಡಿಯಲ್ಲ. ನಮ್ಮ ತಪ್ಪು ಇರೋದು ಅಲ್ಲೇ. ಅದಕ್ಕೇ ಅವತ್ತಿನ ಅರ್ಧ ಗಂಟೆಯನ್ನ ಇಲ್ಲಿ ನಿಮ್ಮ ಮುಂದೆ ಇಟ್ಟಿದ್ದೀನಿ. ಇನ್ಮೇಲೆ ನಮ್ಮ ಪರದೆ ಮೇಲೆ 'ಒಳ್ಳೇದಂತೆ' ಅಂತ ಬಂದ್ರೆ, ಅಂಗಡಿಗೆ ಹೋಗೋ ಮೊದಲು ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿ. ಹೇಳಿದ್ದು ನಾನೇ ಆಗಿದ್ದರೂ ಸರಿ.