ನುಗ್ಗಿ ಬರುವ ಬಾಕ್ಸರ್‌ನನ್ನು ಹೊಡೆಸಿಕೊಂಡೇ ಸುಸ್ತು ಮಾಡಬಹುದೇ?

‘ಎದುರಾಳಿ ಮೇಲೆ ಬಿದ್ದು ಹೊಡೆಯುತ್ತಿದ್ದರೆ ಹಗ್ಗಕ್ಕೆ ಒರಗಿ ನಿಂತುಬಿಡಿ. ಅವನೇ ಹೊಡೆದು ಹೊಡೆದು ಸುಸ್ತಾಗುತ್ತಾನೆ. ಆಮೇಲೆ ಒಂದೇ ಏಟು, ಆಟ ಮುಗೀತು. ಮಹಮ್ಮದ್ ಅಲಿ ಗೆದ್ದಿದ್ದೇ ಹೀಗೆ!’

ಬಾಕ್ಸಿಂಗ್ ವಿಡಿಯೋಗಳ ಜೊತೆ ಇಂಥ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ಈಗಷ್ಟೇ ಗ್ಲೌಸ್ ತೊಟ್ಟ ಮಕ್ಕಳು ಇದನ್ನು ನಂಬಿದರೆ ಪೆಟ್ಟು ಬೀಳುವುದು ಅವರ ಮಿದುಳಿಗೆ. ಹಾಗಾಗಿ ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಪ್ರೆಶರ್ ಫೈಟರ್ ಎಂದರೆ ಯಾರು?

ಉಸಿರಾಡಲೂ ಬಿಡದೆ ಮುಂದೆ ಮುಂದೆ ಬರುತ್ತಲೇ ಇರುವ ಬಾಕ್ಸರ್‌ಗೆ ಪ್ರೆಶರ್ ಫೈಟರ್ ಎನ್ನುತ್ತಾರೆ. ಅಮೆರಿಕದ ಜೋ ಫ್ರೇಜಿಯರ್ ಇದಕ್ಕೆ ಹೆಸರುವಾಸಿ. ಇಂಥವರ ಬಲವೆಲ್ಲ ಹತ್ತಿರದಲ್ಲಿದೆ. ಅದಕ್ಕೇ ನಿಮ್ಮನ್ನು ಹಗ್ಗಕ್ಕೋ ಮೂಲೆಗೋ ಒತ್ತರಿಸಲು ನೋಡುತ್ತಾರೆ. ಅಂದರೆ ಹಗ್ಗಕ್ಕೆ ಒರಗಿದರೆ ಅವರಿಗೆ ಬೇಕಾದದ್ದನ್ನು ನೀವೇ ಕೊಟ್ಟಂತೆ.

ಅಲಿ ಮಾಡಿದ್ದೇನು?

1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ, ಜಾರ್ಜ್ ಫೋರ್‌ಮನ್‌ರನ್ನು 8ನೇ ಸುತ್ತಿನಲ್ಲಿ ಕೆಡವಿದ್ದು ನಿಜ. ಹಗ್ಗಕ್ಕೆ ಒರಗಿದ್ದೂ ನಿಜ. ಆದರೆ ಸುಮ್ಮನೆ ನಿಂತಿರಲಿಲ್ಲ. ಸಡಿಲವಾಗಿದ್ದ ಹಗ್ಗದ ಮೇಲೆ ಹಿಂದಕ್ಕೆ ಬಾಗಿ ತಲೆಯನ್ನು ದೂರ ಇಟ್ಟರು, ಅನೇಕ ಏಟುಗಳನ್ನು ತೋಳಿನ ಮೇಲೆ ತೆಗೆದುಕೊಂಡರು, ಸಂದು ಸಿಕ್ಕಾಗಲೆಲ್ಲ ನೇರವಾಗಿ ಮುಖಕ್ಕೆ ಹೊಡೆದರು, ಹತ್ತಿರ ಬಂದಾಗ ಹಿಡಿದುಕೊಂಡು ತಡೆದರು. ಅದಕ್ಕೂ ಮೊದಲು ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರನ್ನೂ ಎರಡೇ ಸುತ್ತಿನಲ್ಲಿ ಮುಗಿಸಿದ್ದ ಫೋರ್‌ಮನ್‌ಗೆ ಉದ್ದದ ಪಂದ್ಯ ಕಷ್ಟವಾಯಿತು.

ನಮ್ಮ ಮಕ್ಕಳ ಲೆಕ್ಕ ಬೇರೆ

ಅದು 15 ಸುತ್ತಿನ ಪಂದ್ಯ, ಅಂದರೆ 45 ನಿಮಿಷ. ಇಂದಿನ ಒಲಿಂಪಿಕ್ ಮಾದರಿಯ ಪಂದ್ಯ 3 ನಿಮಿಷದ 3 ಸುತ್ತು, ಒಟ್ಟು 9 ನಿಮಿಷ ಮಾತ್ರ. ಎದುರಾಳಿ ಸುಸ್ತಾಗುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ, ತೀರ್ಪುಗಾರರು ಅವನಿಗೇ ಅಂಕ ಕೊಟ್ಟಿರುತ್ತಾರೆ.

ಆಟದ ನಿಯಮವೇ ತಂತ್ರವನ್ನು ತೀರ್ಮಾನಿಸುತ್ತದೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಜಟ್ಟಿಯ ತಲೆಯಿಂದ ರಕ್ತ ಬಂದೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ ದಣಿಸುವ ಮಾತೇ ಇಲ್ಲ.

ಹಾಗಾದರೆ ಗೆಲ್ಲುವುದು ಹೇಗೆ?

ಬೆಂಗಳೂರಿನ ಬಳೇಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಎದುರಿಗೆ ಮೂಟೆ ತುಂಬಿದ ತಳ್ಳುಗಾಡಿ ಬಂದರೆ ಏನು ಮಾಡುತ್ತೀರಿ? ಹಿಮ್ಮುಖವಾಗಿ ಓಡುವುದಿಲ್ಲ, ಎದೆ ಕೊಟ್ಟು ನಿಲ್ಲುವುದೂ ಇಲ್ಲ. ಪಕ್ಕದ ಅಂಗಡಿಯ ಮೆಟ್ಟಿಲ ಕಡೆ ಒಂದು ಹೆಜ್ಜೆ ಸರಿಯುತ್ತೀರಿ. ಗಾಡಿ ಮುಂದೆ ಹೋಗುತ್ತದೆ. ರಿಂಗ್‌ನಲ್ಲೂ ಇದೇ ಉಪಾಯ.

• ನೇರ ಹಿಂದಕ್ಕೆ ಹೋಗಬೇಡಿ. ಒಂದೆರಡು ಹೆಜ್ಜೆಯಾದ ಮೇಲೆ ಪಕ್ಕಕ್ಕೆ ತಿರುಗಿ. ಅವನ ಬಲವಾದ ಕೈಯಿಂದ ದೂರವಾಗುವ ದಿಕ್ಕು ಒಳ್ಳೆಯದು.
• ಅವನು ಹೆಜ್ಜೆ ಇಡುವಾಗಲೇ ಜ್ಯಾಬ್ ಹೊಡೆಯಿರಿ. ಮುಂದೆ ಬರುವ ವೇಗ ಅಲ್ಲೇ ಮುರಿಯುತ್ತದೆ.
• ಹೊಡೆದ ಜಾಗದಲ್ಲೇ ನಿಲ್ಲಬೇಡಿ. ಹೊಡಿ, ತಿರುಗು, ಮತ್ತೆ ಹೊಡಿ.
• ಮೊದಲಿನಿಂದಲೇ ಹೊಟ್ಟೆ, ಪಕ್ಕೆಗೂ ಹೊಡೆಯಿರಿ. ಉಸಿರು ಕಟ್ಟಿದರೆ ಕಾಲು ನಿಧಾನವಾಗುತ್ತದೆ.
• ತೀರಾ ಹತ್ತಿರ ಬಂದರೆ ತೋಳು ಹಿಡಿದು ತಡೆಯಿರಿ. 1974ರ ಜನವರಿಯಲ್ಲಿ ಅಲಿ, ಫ್ರೇಜಿಯರ್‌ರನ್ನು ಸೋಲಿಸಿದಾಗ ಇದನ್ನು ಬಹಳ ಬಳಸಿದರು. ಆದರೆ ಪದೇ ಪದೇ ಹಿಡಿದರೆ ರೆಫರಿ ಎಚ್ಚರಿಕೆ ಕೊಡುತ್ತಾರೆ, ಅಂಕವೂ ಹೋಗಬಹುದು.

ಇದಕ್ಕೆಲ್ಲ ಬೇಕಾದದ್ದು ಕಾಲಿನ ಅಭ್ಯಾಸ ಮತ್ತು ದಮ್ಮು. ಹೊಡೆತ ತಿನ್ನುವ ಅಭ್ಯಾಸ ಅಲ್ಲ.

ತಲೆ ‘ಗಟ್ಟಿ’ ಆಗುವುದಿಲ್ಲ

ಪೆಟ್ಟು ತಿಂದು ತಿಂದು ತೋಳು, ಹೊಟ್ಟೆಯ ಸ್ನಾಯು ಒಗ್ಗಿಕೊಳ್ಳಬಹುದು. ಮಿದುಳು ಒಗ್ಗಿಕೊಳ್ಳುವುದಿಲ್ಲ. ಬಾಕ್ಸರ್‌ಗಳಲ್ಲಿ ಪದೇ ಪದೇ ತಲೆಗೆ ಬೀಳುವ ಏಟಿನಿಂದ ಆಗುವ ತೊಂದರೆಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ದಾಖಲಿಸಿದ್ದರು. ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಯಿತು. ಅದಕ್ಕೆ ಬಾಕ್ಸಿಂಗ್ ಎಷ್ಟು ಕಾರಣ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೆ ತಲೆಗೆ ಪೆಟ್ಟು ಕಡಿಮೆ ಬಿದ್ದಷ್ಟೂ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ. ಒಳಗೆ ಮಿದುಳು ಅಲುಗಾಡುವುದನ್ನು ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ತಲೆಗೆ ಏಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಂತಿ, ಮರೆವು ಕಾಣಿಸಿದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ನಮ್ಮ ತೀರ್ಮಾನ: ಅರ್ಧ ಸತ್ಯ

ಅಲಿ ಗೆದ್ದದ್ದು ನಿಜ. ಹೊಡೆಸಿಕೊಂಡದ್ದರಿಂದಲೇ ಗೆದ್ದರು ಎಂಬುದು ಸುಳ್ಳು. ಬಾಕ್ಸಿಂಗ್ ಕಲಿಯುವ ಮಕ್ಕಳಿರುವ ಗ್ರೂಪ್‌ಗೆ ಆ ವಿಡಿಯೋ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ.