ಕಲ್ಯಾಣದ ನಾಡಿನಲ್ಲಿ ಗಿಡ ಮಾರುವ ಕಾಯಕ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಒಂದು ಚಿಕ್ಕ ನರ್ಸರಿಯಿದೆ. ಹಸಿರು ನೆರಳುಬಲೆಯ ಕೆಳಗೆ ಮಾವು, ಪೇರಲ, ಲಿಂಬೆ, ಮಲ್ಲಿಗೆ, ದಾಸವಾಳದ ಸಸಿಗಳು ಸಾಲುಸಾಲಾಗಿ ನಿಂತಿವೆ. ಅಲ್ಲಿ ದುಡಿಯುವವನು ನನ್ನ ಹಳೆಯ ವಿದ್ಯಾರ್ಥಿ. ಹಳಗನ್ನಡ ಪದ್ಯ ಬಾರದೆ ತಲೆ ತಗ್ಗಿಸಿ ನಿಂತಿದ್ದ ಅವನನ್ನು ಒಮ್ಮೆ ನಾನು, "ಹೀಗೇ ಇದ್ದರೆ ಗಿಡಕ್ಕೆ ನೀರು ಹೊಯ್ದು ಹೊಟ್ಟೆ ಹೊರೆಯಬೇಕಾದೀತು" ಎಂದು ಗದರಿಸಿದ್ದುಂಟು. ಮಾತು ನಿಜವಾಯಿತು. ಆದರೆ ಅದನ್ನು ನಾನು ಶಾಪವೆಂದು ಆಡಿದ್ದು ಎಂಥ ಅಜ್ಞಾನವೆಂಬುದು ತಿಳಿಯಲು ಬಹಳ ವರ್ಷಗಳೇ ಬೇಕಾದವು.

ಅವನ ಕೆಲಸ ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತದೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ಒಂದು ಹೊತ್ತು ನೀರು ತಪ್ಪಿದರೆ ಎಳೆಯ ಸಸಿ ಉಳಿಯದು. ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ ಚೀಲ ತುಂಬಬೇಕು, ಕಳೆ ಕೀಳಬೇಕು, ಹುಳು ನೋಡಬೇಕು, ಕಸಿ ಕಟ್ಟಬೇಕು. ಬಟ್ಟೆಯ ಅಂಗಡಿಯವನ ಸರಕು ಮಾರದಿದ್ದರೂ ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಇವನ ಸರಕು ಮಾತ್ರ ದಿನವೂ ಉಣ್ಣುತ್ತದೆ, ಬಾಯಾರುತ್ತದೆ, ಸಾಯುತ್ತದೆ. ಮಿರಗದ ಮಳೆ ಬಿದ್ದೊಡನೆ ಗಿರಾಕಿಗಳ ನೂಕುನುಗ್ಗಲು. ಚೈತ್ರ ವೈಶಾಖಗಳಲ್ಲಿ ಕೇಳುವವರಿಲ್ಲ. ದುಡಿಮೆ ಮಾತ್ರ ಆಗಲೇ ಹೆಚ್ಚು.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಚಾಲುಕ್ಯ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದನು. ಜಲಶೋಧನೆ, ಅಡುಗೆ, ವೈದ್ಯ ಮೊದಲಾದವುಗಳೊಡನೆ ವೃಕ್ಷಾಯುರ್ವೇದವನ್ನೂ ಅವನು ಕನ್ನಡದಲ್ಲಿಯೇ ಹೇಳಿದ್ದು ನಮಗೆ ಅಭಿಮಾನದ ಸಂಗತಿ. ಒಂದು ಶತಮಾನ ಕಳೆದ ಮೇಲೆ, 1129ರ ಹೊತ್ತಿಗೆ, ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದನು. ಅದರ ನೂರು ಅಧ್ಯಾಯಗಳಲ್ಲಿ ಉದ್ಯಾನಕ್ಕೂ ಸ್ಥಾನವುಂಟು. ಇವೆರಡಕ್ಕೂ ಹಿಂದಿನದು ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'. ಅದರಲ್ಲಿ ಕಸಿಯ ಕ್ರಮವೂ ಇದೆ, ಮರದಿಂದ ಮರಕ್ಕಿರಬೇಕಾದ ಅಂತರವೂ ಇದೆ: 20 ಮೊಳ ಉತ್ತಮ, 16 ಮಧ್ಯಮ, 12 ಅಧಮ.

ಈ ಲೆಕ್ಕವನ್ನು ಒಂದು ದಿನ ನರ್ಸರಿಯಲ್ಲಿ ಕುಳಿತು ಹೇಳಿದೆ. ನನ್ನ ಶಿಷ್ಯ ಬೆರಳು ಮಡಿಸಿ ಎಣಿಸಿದ. "ಇಪ್ಪತ್ತು ಮೊಳ ಅಂದ್ರ ಮೂವತ್ತು ಅಡಿ ಆಯ್ತಲ್ರೀ ಸರ್. ಮಾವಿಗೆ ನಾವೂ ಅಷ್ಟೇ ಹೇಳ್ತೀವಿ" ಎಂದ. ನಾನು ಪುಸ್ತಕದಿಂದ ಕಲಿತುದನ್ನು ಅವನು ಕೈಯಿಂದ ಕಲಿತಿದ್ದ.

ಹಾಗಾದರೆ ಅಂದು ಆ ತೋಟಗಳಲ್ಲಿ ದುಡಿದವರಾರು? ಶಾಸನಗಳನ್ನು ಕೇಳೋಣ. ದೇವಾಲಯಗಳಿಗೆ ಹೂದೋಟ ಬಿಟ್ಟ ದತ್ತಿಗಳು ಹೇರಳವಾಗಿವೆ. ಮಾಲೆಗಾರನೆಂಬ ಮಾತೂ ಅಲ್ಲಲ್ಲಿ ಬರುತ್ತದೆ. ಆದರೆ ಕಲ್ಲು ಹೆಚ್ಚಾಗಿ ಹೊಗಳುವುದು ಕೊಟ್ಟವನನ್ನು, ನೀರೆರೆದವನನ್ನಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ ಬರೆಯುತ್ತಿರುವ ಒಬ್ಬ ಶಿಲಾಬಾಲಿಕೆ ಇದ್ದಾಳೆ. ನೋಡಿದವರು ಮರೆಯಲಾರದ ಶಿಲ್ಪವದು. ಅವಳು ಬರೆಯುತ್ತಿರುವುದೂ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನೇ.

ಈ ಮೌನವನ್ನು ಮುರಿದವರು ಶರಣರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಮೇದಾರ, ಹೂಗಾರ ಎಂಬ ಕಸುಬಿನ ಹೆಸರುಗಳು ವ್ಯಕ್ತಿಯ ಹೆಸರಿನ ಹಿಂದೆ ನಾಚಿಕೆಯಿಲ್ಲದೆ ನಿಂತವು. ಹೂಗಾರ ಮಾದಯ್ಯನು ಹೂವನ್ನು ಒದಗಿಸುವ ಕಾಯಕದಿಂದಲೇ ನೆನಪಿನಲ್ಲಿ ಉಳಿದವನು. ಕಾಯಕವೆಂದರೆ ಬರಿಯ ದುಡಿಮೆಯಲ್ಲ; ಕಪಟವಿಲ್ಲದ ದುಡಿಮೆ ಎಂಬುದು ಆ ಕಾಲದ ಬೋಧೆ.

ಗಿಡ ಮಾರುವವನಿಗೆ ಈ ಬೋಧೆ ಎಷ್ಟು ಕಠಿನವೆಂಬುದನ್ನು ನಾನು ಕಣ್ಣಾರೆ ಕಂಡೆ. ಕಸಿ ಮಾಡಿದ ಮಾವು ಮೂರು ನಾಲ್ಕು ವರ್ಷಗಳಲ್ಲಿ ಫಲ ಕೊಡಲು ತೊಡಗುತ್ತದೆ. ಬೀಜದ ಗಿಡಕ್ಕೆ ಏಳೆಂಟು ವರ್ಷವಾದರೂ ಬೇಕು, ಹಣ್ಣು ತಾಯಿಮರದಂತೆಯೇ ಇದ್ದೀತೆಂಬ ಭರವಸೆಯೂ ಇಲ್ಲ. ಎಳೆಯದಿರುವಾಗ ಕಸಿಯ ಗಂಟನ್ನು ಗುರುತಿಸಲಾರದ ರೈತನಿಗೆ ಎರಡೂ ಒಂದೇ. ಸುಳ್ಳು ಹೊರಬೀಳುವ ಹೊತ್ತಿಗೆ ಅವನ ಆಯುಷ್ಯದ ಎಂಟು ವರ್ಷ ಕಳೆದಿರುತ್ತದೆ. ಆ ದಿನ ಒಬ್ಬ ಮುದುಕರು ಅಗ್ಗದ ಗಿಡವನ್ನು ಎತ್ತಿಕೊಂಡಾಗ ನನ್ನ ಶಿಷ್ಯ, "ಅಜ್ಜಾ, ಅದು ಕಸಿ ಅಲ್ಲ, ಬೀಜದ್ದು. ತಿಳಿದು ಒಯ್ಯಿರಿ" ಎಂದ. ಮುದುಕರು ಗಿಡವನ್ನು ಕೆಳಗಿಟ್ಟು ಹೊರಟುಹೋದರು. ಆ ದಿನದ ವ್ಯಾಪಾರ ಅಷ್ಟಕ್ಕೇ ನಿಂತಿತು.

"ನಷ್ಟವಾಯಿತಲ್ಲಪ್ಪಾ" ಎಂದೆ.

"ಗಿಡ ಸತ್ತರ ಮಂದಿ ಬೈಲಿಕ್ಕ ಬರ್ತಾರ್ರೀ ಸರ್, ಹಣ್ಣು ಬಿಟ್ಟರ ಹೇಳ್ಲಿಕ್ಕ ಯಾರೂ ಬರೂದಿಲ್ಲ. ಆದರ ನಮಗ ಗೊತ್ತಿರ್ತದಲ್ರೀ" ಎಂದು ಅವನು ನೀರಿನ ಕೊಳವೆಯನ್ನು ಎತ್ತಿಕೊಂಡ.

ಇಂದು ಬೀದರಿನಲ್ಲಿ ತೋಟಗಾರಿಕೆ ಕಾಲೇಜಿದೆ. ಈ ವಿದ್ಯೆಗೆ ಪದವಿ ದೊರೆಯುತ್ತದೆ. ಸಂತೋಷದ ವಿಷಯ. ಆದರೆ ಚೀಲಕ್ಕೆ ಮಣ್ಣು ತುಂಬುವ ಕೈಗೆ ನಾವು ಕೊಡುವ ಮರ್ಯಾದೆ ಎಷ್ಟು? ತರಗತಿಯಲ್ಲಿ ಮಕ್ಕಳನ್ನು ಹೆದರಿಸಲು ಆ ಕಸುಬಿನ ಹೆಸರನ್ನು ನಾನು ಇನ್ನು ಬಳಸುವುದಿಲ್ಲ. ಅಂದು ಅವನಿಂದ ಒಂದು ಕಸಿ ಮಾವಿನ ಗಿಡ ಕೊಂಡು ತಂದು ಶಾಲೆಯ ಅಂಗಳದಲ್ಲಿ ನೆಟ್ಟಿದ್ದೇನೆ. ಸುತ್ತಲೂ ಇಪ್ಪತ್ತು ಮೊಳ ಜಾಗ ಬಿಟ್ಟಿದ್ದೇನೆ.